ಅಂಗಾಲು ನೋಡಿಕೊಂಡು ಎಷ್ಟು ದಿನವಾಯಿತು? ಚರ್ಮದ ಕ್ಯಾನ್ಸರ್ ತಡೆಯಲು, ಬೇಗ ಪತ್ತೆ ಹಚ್ಚಲು ಒಂದು ಮಾರ್ಗದರ್ಶಿ

ಎರಡು ವರ್ಷದ ಹಿಂದೆ ಹಿಮ್ಮಡಿ ಒಡೆದು ಉರಿಯುತ್ತಿತ್ತು. ಮುಲಾಮು ಹಚ್ಚೋಣ ಅಂತ ಕಾಲು ಮಡಚಿ ಕೂತಾಗ ಬಲಗಾಲಿನ ಅಡಿಯಲ್ಲಿ ಒಂದು ಕಪ್ಪು ಮಚ್ಚೆ ಕಂಡಿತು. ಹುಟ್ಟಿನಿಂದ ಇದ್ದದ್ದೋ, ಹೋದ ತಿಂಗಳು ಬಂದದ್ದೋ ನನಗೆ ಗೊತ್ತಿರಲಿಲ್ಲ. ಅಮ್ಮನನ್ನು ಕೇಳಿದೆ, ಅವರಿಗೂ ನೆನಪಿಲ್ಲ. ಚರ್ಮದ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆಯೂ ಅದೇ: “ಇದು ಎಷ್ಟು ದಿನದಿಂದ ಇದೆ?” ನಲವತ್ತು ವರ್ಷ ನನ್ನನ್ನು ಹೊತ್ತು ತಿರುಗಿದ ಕಾಲಿನ ಬಗ್ಗೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ.

ಆ ಮಚ್ಚೆಯ ಕತೆ ಮುಂದೆ ಹೇಳುತ್ತೇನೆ. ಹೆಚ್ಚಿನ ಕ್ಯಾನ್ಸರ್‌ಗಳು ಒಳಗೆ ಅಡಗಿ ಬೆಳೆಯುತ್ತವೆ. ಚರ್ಮದ ಕ್ಯಾನ್ಸರ್ ಮಾತ್ರ ಮೈಮೇಲೆ, ಬೆಳಕಿನಲ್ಲಿ, ಎಲ್ಲರ ಕಣ್ಣೆದುರೇ ಬೆಳೆಯುತ್ತದೆ. ಆದರೂ ತಡವಾಗಿ ಸಿಗುತ್ತದೆ, ಯಾಕೆಂದರೆ ಯಾರೂ ನೋಡಿರುವುದಿಲ್ಲ. ಹಾಗಾಗಿ ಇಲ್ಲಿ ಕ್ರೀಮಿನ ಮಾತಿಗಿಂತ ನೋಡುವ ಮಾತೇ ಜಾಸ್ತಿ.

ಹೆಜ್ಜೆ 1: ಶತ್ರು ಯಾರು ಅಂತ ತಿಳಿದುಕೊಳ್ಳಿ

ಮುಖ್ಯವಾಗಿ ಮೂರು ಬಗೆ. ಬೇಸಲ್ ಸೆಲ್ ಕಾರ್ಸಿನೋಮ ಮೊದಲನೆಯದು. ಜಗತ್ತಿನಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಮುಖ, ಮೂಗು, ಕಿವಿಯ ಸುತ್ತ ಬರುವುದು ಜಾಸ್ತಿ. ಮುತ್ತಿನ ಹಾಗೆ ಹೊಳೆಯುವ ಸಣ್ಣ ಗುಳ್ಳೆ. ಕಂದು ಅಥವಾ ಕಪ್ಪು ಚರ್ಮದಲ್ಲಾದರೆ ಹೊಳೆಯುವ ಕಪ್ಪು ಮಣಿಯಂತೆಯೂ ಇರಬಹುದು. ರಕ್ತ ಬರುತ್ತದೆ, ಹಕ್ಕಳೆ ಕಟ್ಟುತ್ತದೆ, ವಾಸಿಯಾಯಿತು ಅನ್ನುವಷ್ಟರಲ್ಲಿ ಮತ್ತೆ ರಕ್ತ. ದೂರ ಹರಡುವುದು ತೀರಾ ಅಪರೂಪ. ಆದರೆ ಬಿಟ್ಟರೆ ಇದ್ದ ಜಾಗವನ್ನೇ ತಿನ್ನುತ್ತಾ ಹೋಗುತ್ತದೆ.

ಎರಡನೆಯದು ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಒರಟು, ಗಟ್ಟಿ, ಕೆಲವೊಮ್ಮೆ ನರುಳ್ಳೆಯಂತೆ ಎದ್ದಿರುತ್ತದೆ. ಕೆಳತುಟಿ, ಕಿವಿ, ಮುಂಗೈ, ಬೋಳುತಲೆಯ ನೆತ್ತಿ ಇದರ ಇಷ್ಟದ ಜಾಗಗಳು. ಹಳೆಯ ಸುಟ್ಟ ಕಲೆಯ ಮೇಲೆ, ವರ್ಷಗಟ್ಟಲೆ ಒಣಗದ ಹುಣ್ಣಿನ ಅಂಚಿನಲ್ಲಿ ಕೂಡ ಹುಟ್ಟುತ್ತದೆ.

ಮೂರನೆಯದು ಮೆಲನೋಮ. ಸಂಖ್ಯೆಯಲ್ಲಿ ಕಡಿಮೆ, ಅಪಾಯದಲ್ಲಿ ಜಾಸ್ತಿ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಿಂದಲೇ ಹುಟ್ಟುವ ಇದು ಬೇಗ ಹರಡಬಲ್ಲದು.

“ನಮ್ಮದು ಕಪ್ಪು ಚರ್ಮ, ನಮಗೆ ಇದೆಲ್ಲ ಬರಲ್ಲ” ಅನ್ನುವವರಿದ್ದಾರೆ. ಅರ್ಧ ನಿಜ. ಚರ್ಮದ ಬಣ್ಣ ಬಿಸಿಲಿನಿಂದ ಒಂದಷ್ಟು ಕಾಪಾಡುತ್ತದೆ, ಹಾಗಾಗಿ ಇವರಲ್ಲಿ ಈ ಕಾಯಿಲೆ ಕಡಿಮೆ. ಬಂದಾಗ ಮಾತ್ರ ಮೆಲನೋಮ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಬಿಸಿಲು ಸೋಕದ, ಕಣ್ಣೂ ಹೋಗದ ಜಾಗಗಳು. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಮೆಲನೋಮ ಸಿಕ್ಕಿದ್ದು ಕಾಲ್ಬೆರಳ ಉಗುರಿನ ಕೆಳಗೆ. ಮೊದಲು ಅದು ಫುಟ್ಬಾಲ್ ಆಡುವಾಗ ಆದ ಪೆಟ್ಟು ಅಂತಲೇ ಅಂದುಕೊಂಡಿದ್ದರು. 1981ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 36 ವರ್ಷ.

ಹೆಜ್ಜೆ 2: ನಿಮಗೆ ಅಪಾಯ ಎಷ್ಟು?

ಬಿಳಿ ಚರ್ಮ, ಬಿಸಿಲಿಗೆ ಹೋದರೆ ಕೆಂಪಾಗಿ ಸುಡುವ ಗುಣ, ಮೈಮೇಲೆ ಐವತ್ತಕ್ಕಿಂತ ಹೆಚ್ಚು ಮಚ್ಚೆ, ಅಪ್ಪ-ಅಮ್ಮ ಅಥವಾ ಒಡಹುಟ್ಟಿದವರಿಗೆ ಮೆಲನೋಮ ಬಂದಿರುವುದು, ಈ ಹಿಂದೆ ನಿಮಗೇ ಚರ್ಮದ ಕ್ಯಾನ್ಸರ್ ಆಗಿರುವುದು: ಇವು ಯಾವುದಿದ್ದರೂ ಅಪಾಯ ಜಾಸ್ತಿ. ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರದ್ದು ಇನ್ನೂ ಜಾಸ್ತಿ. ಹುಟ್ಟಿನಿಂದಲೇ ಮೈಬಣ್ಣವಿಲ್ಲದ ಆಲ್ಬಿನಿಸಂ ಇರುವವರು ಮಗುವಾಗಿದ್ದಾಗಿಂದ ಬಿಸಿಲಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ತೊನ್ನು ಇದ್ದವರು ಗಾಬರಿಯಾಗಬೇಡಿ. ಆ ಬಿಳಿ ಭಾಗ ಬೇಗ ಸುಡುತ್ತದೆ ನಿಜ, ತೊನ್ನು ಕ್ಯಾನ್ಸರ್ ಆಗಿ ಮಾರ್ಪಡುವುದಿಲ್ಲ.

ಬಿಸಿಲಿಗೆ ಸಂಬಂಧವಿಲ್ಲದ ಕಾರಣಗಳೂ ಇವೆ. ಆರ್ಸೆನಿಕ್ ಇರುವ ಕೊಳವೆಬಾವಿ ನೀರನ್ನು ವರ್ಷಗಟ್ಟಲೆ ಕುಡಿದರೆ ಅಂಗೈ-ಅಂಗಾಲಲ್ಲಿ ಆಣಿಯಂಥ ಗಟ್ಟಿ ಗಂಟುಗಳು ಏಳುತ್ತವೆ, ಮುಂದೆ ಅಲ್ಲೇ ಕ್ಯಾನ್ಸರ್ ಆಗಬಹುದು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನಿಮ್ಮ ಸುತ್ತಮುತ್ತ ಆರ್ಸೆನಿಕ್ ಸುದ್ದಿ ಇದ್ದರೆ ನೀರನ್ನು ಪರೀಕ್ಷೆ ಮಾಡಿಸಿ. ಕುದಿಸಿದರೆ ಅದು ಹೋಗುವುದಿಲ್ಲ. ಡಾಂಬರು, ಮಸಿಯ ಜೊತೆ ಕೆಲಸ ಮಾಡುವವರೂ ಎಚ್ಚರ ವಹಿಸಬೇಕು. ಕೆಲಸದಿಂದ ಕ್ಯಾನ್ಸರ್ ಬರುತ್ತದೆ ಅಂತ ಮೊದಲು ಗುರುತಿಸಿದ್ದೇ ಹೊಗೆಗೂಡು ಗುಡಿಸುವವರ ಚರ್ಮದಲ್ಲಿ. 1775ರಲ್ಲಿ ಲಂಡನ್ನಿನ ಸರ್ಜನ್ ಪರ್ಸಿವಲ್ ಪಾಟ್ ಅದನ್ನು ಬರೆದಿಟ್ಟರು.

ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್‌ನಂಥ ಕೆಲವು ಮಾತ್ರೆಗಳು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಒಂದು ಮಾತು ಕೇಳಿ ಅಷ್ಟೇ.

ಹೆಜ್ಜೆ 3: ಬಿಸಿಲನ್ನು ಲೆಕ್ಕ ಹಾಕಿ ಓಡಾಡಿ

ಸೆಕೆಯೇ ಬೇರೆ, ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಯುವಿ (ನೇರಳಾತೀತ) ಕಿರಣವೇ ಬೇರೆ. ತಣ್ಣಗಿದೆ, ಮೋಡವಿದೆ ಅಂದಾಕ್ಷಣ ಯುವಿ ಇಲ್ಲ ಅಂತಲ್ಲ. ತೆಳು ಮೋಡದ ಮೂಲಕ ಅದರ ಬಹುಪಾಲು ಇಳಿದು ಬರುತ್ತದೆ. ಎತ್ತರಕ್ಕೆ ಹೋದಂತೆ, ಪ್ರತಿ 1,000 ಮೀಟರಿಗೆ ಸುಮಾರು 10 ಶೇಕಡಾ ಹೆಚ್ಚುತ್ತದೆ. ಹೊಸ ಹಿಮವಂತೂ ಬಿದ್ದ ಯುವಿಯಲ್ಲಿ 80 ಶೇಕಡಾದಷ್ಟನ್ನು ಮುಖಕ್ಕೆ ವಾಪಸ್ ಎಸೆಯಬಲ್ಲದು. ಯುವಿಯಲ್ಲಿ ಎ, ಬಿ ಅಂತ ಎರಡು ಬಗೆ ನಮ್ಮನ್ನು ಮುಟ್ಟುತ್ತವೆ; ಕಿಟಕಿಯ ಗಾಜು ಯುವಿ-ಬಿ ಕಿರಣವನ್ನು ಬಹುಪಾಲು ತಡೆದರೂ ಯುವಿ-ಎ ದಾಟಿ ಬರುತ್ತದೆ.

ಅಳೆಯುವುದು ಸುಲಭ. ಫೋನಿನ ಹವಾಮಾನ ಆ್ಯಪ್‌ನಲ್ಲಿ ‘ಯುವಿ ಇಂಡೆಕ್ಸ್’ ಅಂತ ಇರುತ್ತದೆ. 3 ದಾಟಿದರೆ ರಕ್ಷಣೆ ಬೇಕು, 8 ದಾಟಿದರೆ ಮಧ್ಯಾಹ್ನ ಹೊರಗೆ ಹೋಗದಿರುವುದೇ ಒಳ್ಳೆಯದು. ಫೋನ್ ಇಲ್ಲದಿದ್ದರೆ ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡ ಇದ್ದರೆ ಬಿಸಿಲು ಜೋರಿದೆ ಅಂತಲೇ ಅರ್ಥ.

ರಕ್ಷಣೆಯ ಸಾಲಿನಲ್ಲಿ ನಾನು ಸನ್‌ಸ್ಕ್ರೀನನ್ನು ಕೊನೆಗೆ ಇಡುತ್ತೇನೆ. ಜಾಹೀರಾತು ಮೊದಲಿಗೆ ಇಡುತ್ತದೆ, ಅದರ ಕೆಲಸವೇ ಅದು. ಮೊದಲು ನೆರಳು. ಆಮೇಲೆ ಉದ್ದ ತೋಳಿನ, ಒತ್ತಾಗಿ ನೇಯ್ದ ಬಟ್ಟೆ. ಬಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿ. ಬೆಳಕು ಧಾರಾಳವಾಗಿ ಕಂಡರೆ ಯುವಿಯೂ ಹಾಗೇ ದಾಟುತ್ತದೆ. ಆಮೇಲೆ ಕಿವಿ, ಕುತ್ತಿಗೆ ಮುಚ್ಚುವ ಅಗಲ ಅಂಚಿನ ಹ್ಯಾಟು. ಮುಂದೆ ಮಾತ್ರ ಚಾಚಿದ ಕ್ಯಾಪು ಕಿವಿಗೆ ಯಾವ ಉಪಕಾರವನ್ನೂ ಮಾಡುವುದಿಲ್ಲ.

ಇಷ್ಟಾದ ಮೇಲೂ ಹೊರಗೆ ಉಳಿಯುವ ಚರ್ಮಕ್ಕೆ ಸನ್‌ಸ್ಕ್ರೀನ್. ‘ಬ್ರಾಡ್ ಸ್ಪೆಕ್ಟ್ರಮ್’ (ಯುವಿ-ಎ, ಯುವಿ-ಬಿ ಎರಡನ್ನೂ ತಡೆಯುವಂಥದ್ದು) ಅಂತ ಬರೆದಿರಬೇಕು, ಎಸ್‌ಪಿಎಫ್ 30 ಅಥವಾ ಹೆಚ್ಚು ಇರಬೇಕು (ಮುಖ್ಯವಾಗಿ ಯುವಿ-ಬಿಯನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ ಇದು). ಎಸ್‌ಪಿಎಫ್ 30 ಸುಮಾರು 97 ಶೇಕಡಾ ಯುವಿ-ಬಿ ತಡೆದರೆ, 50 ತಡೆಯುವುದು 98 ಶೇಕಡಾ. ಅಂದರೆ ಅಂಕಿಯ ಹಿಂದೆ ಓಡುವುದರಲ್ಲಿ ಅರ್ಥವಿಲ್ಲ, ಹಚ್ಚುವ ಪ್ರಮಾಣವೇ ಮುಖ್ಯ. ಲ್ಯಾಬಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷೆ ಮಾಡುತ್ತಾರೆ. ಮನೆಯಲ್ಲಿ ನಾವು ಅದರ ಅರ್ಧವೂ ಹಚ್ಚುವುದಿಲ್ಲ. ತೋರುಬೆರಳು, ಮಧ್ಯದ ಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿಕೊಳ್ಳಿ. ಮುಖ, ಕುತ್ತಿಗೆಗೆ ಅಷ್ಟು ಬೇಕು. ಹೊರಡುವ ಕಾಲು ಗಂಟೆ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಬೆವರಿದರೆ, ಈಜಿದರೆ ಇನ್ನೂ ಬೇಗ. ಕಿವಿಯ ತುದಿ, ಬೈತಲೆ, ಪಾದದ ಮೇಲ್ಭಾಗ ಮರೆತೇಹೋಗುವ ಜಾಗಗಳು.

ಇದರಿಂದ ಪ್ರಯೋಜನ ಇದೆಯಾ ಅಂದರೆ, ಇದೆ. ಆಸ್ಟ್ರೇಲಿಯಾದ ನ್ಯಾಂಬರ್ ಎಂಬ ಊರಿನಲ್ಲಿ 1992ರಿಂದ 1,600ಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗ ನಡೆಯಿತು. ದಿನಾ ಹಚ್ಚಿದ ಗುಂಪಿನಲ್ಲಿ ಸ್ಕ್ವಾಮಸ್ ಕ್ಯಾನ್ಸರ್ ಸುಮಾರು 40 ಶೇಕಡಾ ಕಡಿಮೆಯಾಯಿತು. ಆದರೆ ಬಿಸಿಲಿಗೆ ಬೇಗ ಸುಡುವ ಚರ್ಮದವರೇ ತುಂಬಿದ ದೇಶ ಅದು. ತೀರಾ ಕಪ್ಪು ಚರ್ಮದವರಿಗೆ ಮೆಲನೋಮ ವಿಷಯದಲ್ಲಿ ಕ್ರೀಮಿಗಿಂತ ಮುಂದಿನ ಹೆಜ್ಜೆಯೇ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ.

ಆರು ತಿಂಗಳ ಒಳಗಿನ ಕೂಸಿಗೆ ಕ್ರೀಮು ಬೇಡ, ನೆರಳು ಮತ್ತು ಬಟ್ಟೆ ಸಾಕು. ಮೈ ಕಂದಾಗಿಸುವ ಟ್ಯಾನಿಂಗ್ ಯಂತ್ರಗಳಿಗೆ ಯಾವ ವಯಸ್ಸಿನವರೂ ಹೋಗಬೇಡಿ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅವನ್ನು ತಂಬಾಕು ಇರುವ, ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಗೇ ಸೇರಿಸಿತು.

ಹೆಜ್ಜೆ 4: ತಿಂಗಳಿಗೊಮ್ಮೆ ಮೈ ನೋಡಿಕೊಳ್ಳಿ

ಒಂದು ತಾರೀಕು ಇಟ್ಟುಕೊಳ್ಳಿ. ದಿನಾ ನೋಡಬೇಡಿ. ದಿನಾ ನೋಡಿದರೆ ಬದಲಾವಣೆ ಗೊತ್ತಾಗುವುದಿಲ್ಲ, ಸುಮ್ನೆ ತಲೆಬಿಸಿ. ಸ್ನಾನ ಆದಮೇಲೆ ಬಾಗಿಲು ಹಾಕಿ, ಜೋರು ಬೆಳಕಿನಲ್ಲಿ. ಬೇಕಾದದ್ದು ಒಂದು ದೊಡ್ಡ ಕನ್ನಡಿ, ಒಂದು ಕೈಗನ್ನಡಿ, ಕೂರಲು ಸ್ಟೂಲು, ಬಾಚಣಿಗೆ. ಮೊದಲ ಸಲ ಅರ್ಧ ಗಂಟೆ ಹಿಡಿಯುತ್ತದೆ, ಅಭ್ಯಾಸವಾದ ಮೇಲೆ ಹತ್ತು ನಿಮಿಷ.

ಮೇಲಿನಿಂದ ಕೆಳಗೆ ಬನ್ನಿ. ಮುಖ, ತುಟಿ, ಕಿವಿಯ ಹಿಂದೆ. ಬಾಚಣಿಗೆಯಿಂದ ಕೂದಲು ಬಿಡಿಸುತ್ತಾ ನೆತ್ತಿ. ಇದಕ್ಕೆ ಮನೆಯವರ ಸಹಾಯ ಬೇಕಾಗುತ್ತದೆ. ಕುತ್ತಿಗೆ, ಎದೆ, ಹೆಂಗಸರಾದರೆ ಮೊಲೆಯ ಕೆಳಗಿನ ಮಡಿಕೆ. ಕೈ ಎತ್ತಿ ಕಂಕುಳು. ಅಂಗೈ, ಬೆರಳ ಸಂದಿ, ಉಗುರು. ಕನ್ನಡಿಗೆ ಬೆನ್ನು ಕೊಟ್ಟು, ಕೈಗನ್ನಡಿಯಲ್ಲಿ ಬೆನ್ನು, ಪೃಷ್ಠ, ತೊಡೆಯ ಹಿಂಭಾಗ. ಕೊನೆಗೆ ಸ್ಟೂಲಿನ ಮೇಲೆ ಕೂತು ಗುಪ್ತಾಂಗ, ಮೀನಖಂಡ, ಪಾದ. ಕೈಗನ್ನಡಿಯನ್ನು ನೆಲಕ್ಕಿಟ್ಟು ಅದರ ಮೇಲೆ ಕಾಲು ಎತ್ತಿ ಹಿಡಿದರೆ ಅಂಗಾಲು ಪೂರ್ತಿ ಕಾಣುತ್ತದೆ. ಕಾಲ್ಬೆರಳುಗಳನ್ನು ಒಂದೊಂದಾಗಿ ಅಗಲಿಸಿ ಸಂದಿ ನೋಡಿ.

ಉಗುರಿನಲ್ಲಿ ಸ್ವಲ್ಪ ನಿಲ್ಲೋಣ. ಕಪ್ಪು ಚರ್ಮದವರ ಉಗುರಿನಲ್ಲಿ ಉದ್ದುದ್ದ ಕಂದು ಗೆರೆಗಳು ತೀರಾ ಸಾಮಾನ್ಯ. ಹಲವು ಬೆರಳಲ್ಲಿ ಇದ್ದರೆ ಹೆಚ್ಚಾಗಿ ಏನೂ ಅಲ್ಲ. ಒಂದೇ ಬೆರಳಲ್ಲಿ, ಅದರಲ್ಲೂ ಹೆಬ್ಬೆರಳಲ್ಲಿ, ದೊಡ್ಡವರಾದ ಮೇಲೆ ಹೊಸದಾಗಿ ಬಂದ ಗೆರೆ ಅಗಲವಾಗುತ್ತಿದ್ದರೆ ತೋರಿಸಬೇಕು. ಆ ಕಪ್ಪು ಉಗುರು ದಾಟಿ ಬುಡದ ಚರ್ಮಕ್ಕೂ ಇಳಿದಿದ್ದರೆ ತಡ ಮಾಡಲೇಬಾರದು. ಪೆಟ್ಟು ಬಿದ್ದು ರಕ್ತ ಕಟ್ಟಿದ ಕಪ್ಪಾದರೆ ಉಗುರಿನ ಜೊತೆ ಮುಂದಕ್ಕೆ ಸರಿಯುತ್ತದೆ, ಬುಡದಲ್ಲಿ ತಿಳಿ ಉಗುರು ಕಾಣುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲುಗುರು ಅದರ ಅರ್ಧ. ಎರಡು ತಿಂಗಳಾದರೂ ಕಪ್ಪು ಸರಿಯದೆ ಬುಡದಲ್ಲೇ ನಿಂತಿದ್ದರೆ ಪೆಟ್ಟಿನ ನೆಪ ಹೇಳಿಕೊಂಡು ಕೂರಬೇಡಿ.

ಅನುಮಾನ ಬಂದ ಮಚ್ಚೆಯ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಮುಂದಿನ ತಿಂಗಳು ಅದೇ ಬೆಳಕಲ್ಲಿ ಮತ್ತೊಂದು. ಫೋನೇ ತಾರೀಕು ಬರೆದಿಡುತ್ತದೆ.

ಹೆಜ್ಜೆ 5: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಮಚ್ಚೆ ನೋಡುವಾಗ ಐದು ಮಾತು ನೆನಪಿರಲಿ: ಆಕಾರ, ಅಂಚು, ಬಣ್ಣ, ಅಳತೆ, ಬದಲಾವಣೆ. ನಡುವೆ ಗೆರೆ ಎಳೆದರೆ ಎರಡು ಅರ್ಧ ಹೊಂದುತ್ತವಾ? ಅಂಚು ನಯವಾಗಿದೆಯಾ, ಹರಿದ ಕಾಗದದ ಹಾಗಿದೆಯಾ? ಒಂದೇ ಬಣ್ಣವಾ, ಕಪ್ಪು-ಕಂದು-ಕೆಂಪು-ಬಿಳಿ ಕಲಸಿದೆಯಾ? ಪೆನ್ಸಿಲಿನ ಹಿಂದಿನ ರಬ್ಬರಿಗಿಂತ, ಅಂದರೆ 6 ಮಿಲಿಮೀಟರಿಗಿಂತ ದೊಡ್ಡದಾ? ಈ ನಡುವೆ ಬದಲಾಗಿದೆಯಾ? ಐದರಲ್ಲಿ ಕೊನೆಯದಕ್ಕೇ ತೂಕ ಜಾಸ್ತಿ. ಸಣ್ಣ ಮೆಲನೋಮಗಳೂ ಇರುತ್ತವೆ, ದೊಡ್ಡ ನಿರಪಾಯ ಮಚ್ಚೆಗಳೂ ಇರುತ್ತವೆ.

ಇನ್ನೊಂದು ಸುಲಭದ ದಾರಿ ಇದೆ. ಒಬ್ಬರ ಮೈಮೇಲಿನ ಮಚ್ಚೆಗಳು ಅಣ್ಣತಮ್ಮಂದಿರ ಹಾಗೆ ಒಂದನ್ನೊಂದು ಹೋಲುತ್ತವೆ. ಆ ಗುಂಪಿಗೆ ಸೇರದೆ ಬೇರೆಯೇ ಕಾಣುವ ಒಂದು ಇದ್ದರೆ ಅದನ್ನು ತೋರಿಸಿ. ಬೇಗ ಬೆಳೆಯುತ್ತಿರುವ, ಮುಟ್ಟಿದರೆ ಗಟ್ಟಿ ಇರುವ ಉಬ್ಬನ್ನೂ ಅಷ್ಟೇ, ಕಪ್ಪಿರಲಿ, ಕೆಂಪಿರಲಿ. ಎಲ್ಲ ಮೆಲನೋಮವೂ ಕಪ್ಪಗಿರುವುದಿಲ್ಲ. ನೋವಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಇವು ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ.

ಹುಣ್ಣಿಗೆ ಒಂದೇ ನಿಯಮ: ನಾಲ್ಕು ವಾರದಲ್ಲಿ ಒಣಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಬೇಕು. ನನ್ನ ಚಿಕ್ಕಪ್ಪನ ಮೀನಖಂಡದಲ್ಲಿ ಹುಡುಗಾಟದ ಕಾಲದ ಸುಟ್ಟ ಕಲೆ ಇತ್ತು. ಅದರ ಮೇಲೆ ಹುಣ್ಣಾಯಿತು. ಒಂದು ಕ್ಲಿನಿಕ್ಕಿನಲ್ಲಿ ಎಂಟು ತಿಂಗಳು ಮುಲಾಮು ಬದಲಾಯಿಸುತ್ತಾ ಹೋದರು, ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸೋಣ ಅಂತ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಸ್ಕ್ವಾಮಸ್ ಕ್ಯಾನ್ಸರ್ ಅಂತ ಗೊತ್ತಾಗಿ, ಅಂಗೈಯಗಲ ಚರ್ಮ ತೆಗೆದು ತೊಡೆಯ ಚರ್ಮ ಕೂರಿಸಬೇಕಾಯಿತು. ಕಾಲು ಉಳಿಯಿತು.

ದಾರ ಕಟ್ಟಿ ಬೀಳಿಸುವುದು, ಆಸಿಡ್ ಹಾಕುವುದು, ಮಚ್ಚೆ ತೆಗೆಯುವ ಕ್ರೀಮು, ಬ್ಯೂಟಿ ಪಾರ್ಲರಿನಲ್ಲಿ ಸುಡಿಸುವುದು ಯಾವುದೂ ಬೇಡ. ಮೇಲಿನದು ಹೋಗುತ್ತದೆ, ಬೇರು ಉಳಿಯುತ್ತದೆ. ಪರೀಕ್ಷೆಗೆ ಕಳಿಸಲು ಚೂರೂ ಸಿಗುವುದಿಲ್ಲ.

ಹೆಜ್ಜೆ 6: ಡಾಕ್ಟರ ಹತ್ತಿರ

ಎಲ್ಲರೂ ವರ್ಷಕ್ಕೊಮ್ಮೆ ಚರ್ಮ ತಪಾಸಣೆ ಮಾಡಿಸಲೇಬೇಕಾ? ಯಾವ ತೊಂದರೆಯೂ ಇಲ್ಲದವರೆಲ್ಲರಿಗೂ ಅದರಿಂದ ಲಾಭವಿದೆ ಅನ್ನಲು ಸಾಕಷ್ಟು ಪುರಾವೆಯಿಲ್ಲ ಅಂತ ಅಮೆರಿಕದ ತಜ್ಞರ ಸಮಿತಿ 2023ರಲ್ಲಿ ಹೇಳಿತು. ಅಪಾಯ ಜಾಸ್ತಿ ಇರುವವರ ಲೆಕ್ಕ ಬೇರೆ. ಅವರು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಡಾಕ್ಟರು ಹೇಳಿದ ಹಾಗೆ ಹೋಗಬೇಕು. ಬದಲಾವಣೆ ಕಂಡವರು ಯಾರೇ ಆಗಲಿ, ಇದೇ ವಾರ ಹೋಗಿ.

ಮೇಕಪ್ ಬೇಡ, ಕೂದಲು ಬಿಚ್ಚಲು ಬರುವಂತಿರಲಿ. ಕೈಕಾಲಿನ ನೇಲ್ ಪಾಲಿಶ್ ತೆಗೆದು ಹೋಗಿ. ಫೋಟೋ ಜೊತೆಗಿರಲಿ. ಒಂದೇ ಮಚ್ಚೆ ತೋರಿಸಲು ಹೋಗಿದ್ದರೂ “ಮೈಯೆಲ್ಲ ಒಮ್ಮೆ ನೋಡಿಬಿಡಿ” ಅಂತ ಕೇಳಿ. ಸಂಕೋಚವಾದರೆ ಮನೆಯವರನ್ನೋ ನರ್ಸನ್ನೋ ಜೊತೆಗೆ ಇರಿಸಿಕೊಳ್ಳಬಹುದು.

ನನ್ನ ಅಂಗಾಲಿಗೆ ಡಾಕ್ಟರು ಒಂದು ಹನಿ ಜೆಲ್ ಹಾಕಿ, ದೀಪವಿರುವ ಪುಟ್ಟ ಭೂತಗನ್ನಡಿಯಂಥ ಡರ್ಮಟೋಸ್ಕೋಪ್ ಒತ್ತಿದರು. ನೋವಿಲ್ಲ, ತಣ್ಣಗಾಯಿತು ಅಷ್ಟೇ. ಆಮೇಲೆ ತಮ್ಮ ಫೋನಿನಲ್ಲಿ ಚಿತ್ರ ತೋರಿಸಿದರು. ಹತ್ತು ಪಟ್ಟು ದೊಡ್ಡದಾದ ಅಂಗಾಲು ಉತ್ತ ಹೊಲದ ಹಾಗಿತ್ತು: ದಿಂಡು, ಸಾಲು, ದಿಂಡು, ಸಾಲು. “ನೋಡಿ, ಕಂದು ಬಣ್ಣ ತಗ್ಗಿನ ಸಾಲಿನಲ್ಲಿ ಇದೆ. ಇದು ಒಳ್ಳೇ ಮಚ್ಚೆ. ದಿಂಡಿನ ಮೇಲೆ ಬಣ್ಣ ಕೂತಿದ್ದರೆ ನಾನು ಇವತ್ತೇ ಚೂರು ತೆಗೆಯುತ್ತಿದ್ದೆ.” ಅಳತೆ 4 ಮಿಲಿಮೀಟರ್ ಅಂತ ಬರೆದುಕೊಟ್ಟರು. ಆರು ತಿಂಗಳ ನಂತರವೂ ಅಷ್ಟೇ ಇತ್ತು.

ಹೆಜ್ಜೆ 7: ಬಯಾಪ್ಸಿ ಅಂದರೆ

ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಚೂರು ತೆಗೆಯುತ್ತಾರೆ. ಮೆಲನೋಮ ಅನುಮಾನವಿದ್ದರೆ ಸಾಧ್ಯವಾದಷ್ಟೂ ಪೂರ್ತಿ ಮಚ್ಚೆಯನ್ನೇ ಸ್ವಲ್ಪ ಅಂಚಿನ ಸಮೇತ ತೆಗೆಯುತ್ತಾರೆ. ಒಂದೆರಡು ಹೊಲಿಗೆ ಬೀಳಬಹುದು, ಅದೇ ದಿನ ಮನೆಗೆ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಮಾತಿಗೆ ಆಧಾರವಿಲ್ಲ. ಈ ಭಯದಿಂದ ದಿನ ದೂಡುವುದೇ ಹೆಚ್ಚು ಅಪಾಯ.

ರಿಪೋರ್ಟ್ ಬಂದಾಗ ಎರಡು ವಿಷಯ ಕೇಳಿ. ತೆಗೆದ ಚೂರಿನ ಅಂಚು ಪೂರ್ತಿ ಶುಭ್ರವಾಗಿ, ಅಂದರೆ ಅಂಚಿನಲ್ಲಿ ಕ್ಯಾನ್ಸರ್ ಇಲ್ಲದೆ ಬಂದಿದೆಯಾ? ಮೆಲನೋಮ ಆಗಿದ್ದರೆ ‘ಬ್ರೆಸ್ಲೋ’ ಆಳ ಎಷ್ಟು? ಚರ್ಮದೊಳಗೆ ಅದು ಎಷ್ಟು ಮಿಲಿಮೀಟರ್ ಇಳಿದಿದೆ ಅನ್ನುವ ಈ ಅಳತೆಯನ್ನು 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ವೈದ್ಯರು ಕೊಟ್ಟರು, ಇಂದಿಗೂ ಚಿಕಿತ್ಸೆ ಅದರ ಮೇಲೇ ನಿಂತಿದೆ. 1 ಮಿಲಿಮೀಟರಿಗಿಂತ ತೆಳುವಿದ್ದಾಗ ಸಿಕ್ಕವರಲ್ಲಿ ಹೆಚ್ಚಿನವರು ಬರೀ ಆಪರೇಷನ್ನಿನಲ್ಲೇ ಗುಣವಾಗುತ್ತಾರೆ. ಹೆಚ್ಚು ಆಳವಿದ್ದರೆ ಹತ್ತಿರದ ಲಿಂಫ್ ಗಂಟಿನ (ಮೆಲನೋಮ ಹರಡುವಾಗ ಸಾಮಾನ್ಯವಾಗಿ ಮೊದಲು ತಲುಪುವ ಸಣ್ಣ ಗ್ರಂಥಿ) ಪರೀಕ್ಷೆ, ಇಮ್ಯುನೋಥೆರಪಿಯ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ) ಮಾತು ಬರುತ್ತದೆ. ಲ್ಯಾಬಿನಿಂದ ಸ್ಲೈಡ್ (ಚೂರಿನ ತೆಳು ಪದರ ಅಂಟಿಸಿದ ಗಾಜು) ಮತ್ತು ಬ್ಲಾಕ್ (ಚೂರನ್ನು ಹುದುಗಿಸಿಟ್ಟ ಮೇಣದ ತುಂಡು) ಕೇಳಿ ಇಟ್ಟುಕೊಳ್ಳಿ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಬೇಕೆಂದರೆ ರಿಪೋರ್ಟಿನ ಕಾಗದ ಸಾಲುವುದಿಲ್ಲ, ಅವೇ ಬೇಕು.

ಒಮ್ಮೆ ಚರ್ಮದ ಕ್ಯಾನ್ಸರ್ ಆದವರು ತಿಂಗಳ ತಪಾಸಣೆಗೆ ಇನ್ನೊಂದು ಕೆಲಸ ಸೇರಿಸಿಕೊಳ್ಳಬೇಕು: ಕುತ್ತಿಗೆ, ಕಂಕುಳು, ತೊಡೆ ಸಂದಿಯಲ್ಲಿ ಗಂಟು ಎದ್ದಿದೆಯೇ ಅಂತ ಬೆರಳಿನಿಂದ ಒತ್ತಿ ನೋಡುವುದು. ಕಾಯಿಲೆ ಮೆಲನೋಮ ಆಗಿದ್ದರೆ ಅಪ್ಪ-ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳೂ ಒಮ್ಮೆ ಚರ್ಮದ ಡಾಕ್ಟರಿಗೆ ಮೈ ತೋರಿಸಿಕೊಂಡು ಬರಲಿ.